ಗಿಡ ಸಿಗದ ದಿನದ ಊಟ

ಹೊನ್ನಾಳಿ
12 ಜನವರಿ 2025

ಅಕ್ಕ ದುರುಗಕ್ಕನಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ನೀನು ಸಿಟ್ಟಿನಲ್ಲಿದ್ದೀಯ ಎಂಬುದು ನಿನ್ನೆ ಫೋನ್ ಇಟ್ಟ ರೀತಿಯಲ್ಲೇ ತಿಳಿಯಿತು. "ಫೋನಲ್ಲಿ ನೀನು ನನ್ನ ಮಾತಾಡಾಕೆ ಬಿಡಲ್ಲ. ಏನಿದ್ರೂ ಕಾಗದ ಬರಿ" ಎಂದೆ. ಆಗಲಿ. ಮದುವೆ ಮನೆಗಳಲ್ಲಿ ಮುಸುರೆ ತಿಕ್ಕಿ, ಆಮೇಲೆ ಬಾಯಿಮಾತಿನಲ್ಲೇ ಗಿರಾಕಿ ಹಿಡಿದು ಶಾಮಿಯಾನ, ಪಾತ್ರೆ, ಅಡುಗೆ, ಸ್ಟೇಜ್ ಅಲಂಕಾರ ಎಂದು ಮೇಲೆ ಬಂದವನು ನಾನು. ಕಾಗದ ನನಗೆ ಹೊಸದು. ಅಂಚೆ ಕಚೇರಿಯಲ್ಲಿ ಕವರ್ ಕೇಳಿದರೆ ಕೌಂಟರಿನ ಹೆಣ್ಣುಮಗಳು, "ಏನಣ್ಣ, ಕೋರ್ಟ್ ಕೇಸಾ?" ಎಂದಳು. "ಅದಕ್ಕಿಂತ ದೊಡ್ಡದು ಕಣಮ್ಮ, ನಮ್ಮಕ್ಕನಿಗೆ" ಎಂದೆ.

ಈಗ ನನ್ನ ಕಡೆಯ ಮಾತು ಕೇಳು. ಬನ್ನಿಹಟ್ಟಿ ಕೆರೆ ಎಷ್ಟೋ ವರ್ಷದ ಮೇಲೆ ತುಂಬಿತು, ಕಾರ್ತೀಕದಲ್ಲಿ ಊರ ಹೆಂಗಸರೆಲ್ಲ ಬಾಗಿನ ಬಿಡುತ್ತೇವೆ, ನನ್ನ ತವರಿನ ಬಾಗಿನ ತಗೊಂಡು ಬಾ ಎಂದು ನೀನು ಕರೆದಿದ್ದೆ. ಮದುವೆ ಸೀಸನ್, ನಾನು ಬರಲಾಗಲಿಲ್ಲ. ಆದರೆ ಅಡುಗೆ ಕೆಂಚೇಶನ ಕೈಯಲ್ಲಿ ಕಳಿಸಿದ್ದು ಕಡಿಮೆಯೇ? ಹೊಸ ಮೊರ, ಬಳೆ, ಕುಪ್ಪಸದ ಖಣ, ಇವುಗಳ ಜೊತೆಗೆ ಎರಡು ಅಗಲಬಾಯಿಯ ಹಿತ್ತಾಳೆ ಉರುಳಿ ತುಂಬ ಹೊಳೆನೀರು, ನೀರಿನ ಮೇಲೆ ತೇಲುವ ನೇರಳೆ ಹೂವು. ಆ ಹೂವು ಕಿತ್ತರೆ ಮಧ್ಯಾಹ್ನಕ್ಕೇ ಬಾಡುತ್ತದೆ. ಅದಕ್ಕೆಂದೇ ಬೇರು ಸಮೇತ ಇಡೀ ಗಿಡ ಕಳಿಸಿದೆ. ಈಗೀಗ ಮದುವೆ ಸ್ಟೇಜಿನ ಮುಂದೆಯೂ ಇದನ್ನೇ ಇಡುತ್ತಿದ್ದೇನೆ. ಹೊಳೆದಂಡೆಯಲ್ಲಿ ಪುಕ್ಕಟೆ ಸಿಗುತ್ತದೆ, ಫೋಟೋದಲ್ಲಿ ಫಾರಿನ್ ಹೂವಿನ ಹಾಗೆ ಕಾಣುತ್ತದೆ.

ಅದನ್ನು ಬಾಗಿನದ ಜೊತೆ ಕೆರೆಗೆ ಬಿಟ್ಟವರು ನೀವು. ಕೆಂಚೇಶನ ವಿಡಿಯೋದಲ್ಲಿ ನೀನೂ ನಗುತ್ತಿದ್ದೆ. ಈಗ "ನಿನ್ನ ಹೂವು ನಮ್ಮ ಕೆರೆ ತಿನ್ನಾಕೆ ಹತ್ತೈತೆ" ಎನ್ನುತ್ತೀಯ. ಹೂವು ಎಲ್ಲಾದರೂ ಕೆರೆ ತಿನ್ನುತ್ತದೆಯೇ ಅಕ್ಕ? ನಾಲ್ಕು ಗಿಡ ಹೆಚ್ಚಾಗಿರಬಹುದು. ಅಂದಕ್ಕಿರಲಿ ಬಿಡು.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ
ಪಾಲಣ್ಣ

*

ಬನ್ನಿಹಟ್ಟಿ, ಜಗಳೂರು ತಾಲ್ಲೂಕು
25 ಜನವರಿ 2025

ತಮ್ಮ ಪಾಲಣ್ಣನಿಗೆ,

ಕಾಗದ ಮುಟ್ಟಿತು. ಪೂರ್ತಿ ಓದಿದೆ, ನಡುವೆ ನೀನು ಬಾಯಿ ಹಾಕಲಿಲ್ಲ. ಹುಟ್ಟಿದ ಮೇಲೆ ಇದೇ ಮೊದಲು.

ನಾಲ್ಕು ಗಿಡವಂತೆ. ಸಂಕ್ರಾಂತಿಯ ಹೊತ್ತಿಗೆ ಎಮ್ಮೆ ಮೈತೊಳೆಯುವ ಮೂಲೆಯಲ್ಲಿ ನೀರೇ ಕಾಣುತ್ತಿಲ್ಲ, ಹಸಿರು ಚಾಪೆ ಹಾಸಿದ ಹಾಗಿದೆ. ಒಂದನ್ನು ಎಳೆದರೆ ಅದರ ಕೈ ಹಿಡಿದು ಇನ್ನೊಂದು, ಅದರ ಹಿಂದೆ ಮತ್ತೊಂದು ಬರುತ್ತದೆ. ಮೀನುಗಾರಿಕೆ ಇಲಾಖೆಯ ವಾಣಿಶ್ರೀ ಮೇಡಂ ಮೀನುಮರಿ ನೋಡಲು ಬಂದವರು ಚಪ್ಪಲಿ ಬಿಟ್ಟು ನೀರಿಗಿಳಿದೇ ಬಿಟ್ಟರು.

"ಇದು ಅಂತರಗಂಗೆ ಕಣಮ್ಮ. ನಮ್ಮ ದೇಶದ್ದೇ ಅಲ್ಲ. ಯಾವ ಕಾಲದಲ್ಲೋ ಯಾರೋ ಹೂವು ಚೆಂದ ಅಂತ ದಕ್ಷಿಣ ಅಮೆರಿಕದಿಂದ ತಂದಿದ್ದು. ಎರಡು ವಾರ ಬಿಟ್ಟರೆ ಎರಡರಷ್ಟಾಗ್ತದೆ. ಕೆರೆ ಮುಚ್ಚಿಕೊಂಡರೆ ಕೆಳಗೆ ಬೆಳಕಿಲ್ಲ, ಉಸಿರಿಲ್ಲ. ನಿಮ್ಮ ಮೀನು ಉಳಿಯಲ್ಲ. ಯಾರು ತಂದ್ರು ಇದನ್ನ?"

ಎಲ್ಲರೂ ನನ್ನ ಮುಖ ನೋಡಿದರು. ಪಕ್ಕದ ಮನೆ ದೊಡ್ಡಕ್ಕ ಮಾತ್ರ ಬಾಯಿಬಿಟ್ಟು, "ದುರುಗಕ್ಕನ ತವರಿಂದ ಬಂದೈತೆ ಮೇಡಂ, ಹಿತ್ತಾಳೆ ಪಾತ್ರ್ಯಾಗೆ" ಎಂದಳು.

ನಮಗೆ ಈ ಕೆರೆ ಏನೆಂದು ನಿನಗೆ ಗೊತ್ತಿಲ್ಲ. ನನ್ನ ಸೊಸೆ ಈ ಊರಿಗೆ ಬಂದಾಗಿನಿಂದ ಅದನ್ನು ಬಯಲು ಎಂದೇ ತಿಳಿದಿದ್ದಳು. ನೀರು ಬಂದ ದಿನ "ಅತ್ತೆ, ಇದು ಕೆರೇನಾ!" ಎಂದು ಅಲ್ಲೇ ಕುಳಿತುಬಿಟ್ಟಳು. ನಮ್ಮ ಮಹಿಳಾ ಸಂಘ ಮೀನಿನ ಹಕ್ಕು ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟಿದೆ. "ಹೆಂಗಸರಿಗ್ಯಾಕೆ ಕೆರೆ ಉಸಾಬರಿ" ಎಂದವರ ಎದುರು "ಕೆರೆ ಕಾಯೋದು ನಮ್ಮ ಹೊಣೆ" ಎಂದು ಮಾತು ಕೊಟ್ಟವಳು ನಾನು. ಮುಂದಿನ ಮಳೆಗಾಲದೊಳಗೆ ಈ ಗಿಡ ಹೋಗದಿದ್ದರೆ ಕೆರೆಯೂ ಹೋಯಿತು, ನನ್ನ ಮಾತೂ ಹೋಯಿತು.

ಏನಾದರೂ ಮಾಡು. 'ಬರ್ತೀನಿ' ಎಂದು ಮಾತ್ರ ಬರೆಯಬೇಡ. ಅವ್ವ ಹೋದಾಗಿನಿಂದ ಆ ಮಾತು ಕೇಳಿ ನನಗೆ ಬಾಯಿಪಾಠವಾಗಿದೆ.

ದುರುಗಕ್ಕ

*

ಹೊನ್ನಾಳಿ
4 ಫೆಬ್ರವರಿ 2025

ಅಕ್ಕನಿಗೆ,

ಹೂವಿನ ಹೆಸರು, ಕುಲ, ಊರು ಎಲ್ಲ ತಿಳಿಯಿತು. ಗಲ್ಲಾಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿದ್ದೆ. ಮನೆಯಾಕೆ ಮಾಲಾ ಬಂದು ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ಯಾಕೆ ಮಾತಿಲ್ಲ?" ಎಂದಳು.

ಆದರೆ ನಾನು ಕೈಚೆಲ್ಲುವವನಲ್ಲ. ಜನ ಯಾವುದಕ್ಕೆ ಬರುತ್ತಾರೆ, ಯಾವುದಕ್ಕೆ ಬರುವುದಿಲ್ಲ ಎಂಬ ಲೆಕ್ಕ ನನಗೆ ಗೊತ್ತು. ಶ್ರಮದಾನ ಎಂದರೆ ಫೋಟೋ ತೆಗೆಸಿಕೊಳ್ಳುವವರು ಬರುತ್ತಾರೆ. ಹಿಟ್ಟಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳುವ ಸದ್ದಾದರೆ ಊರೇ ಬರುತ್ತದೆ. ಕೆಂಚೇಶನನ್ನು ಒಲೆ, ಬಾಣಲೆ, ಮಂಡಕ್ಕಿ ಚೀಲದ ಸಮೇತ ಕಳಿಸುತ್ತಿದ್ದೇನೆ. ಕೆರೆದಂಡೆಯಲ್ಲೇ ಅಂಗಡಿ ಹೂಡುತ್ತಾನೆ. ಅಂತರಗಂಗೆ ತುಂಬಿದ ಒಂದು ಮೂಟೆ ತಂದವರಿಗೆ ಮಂಡಕ್ಕಿ, ಮೇಲೆ ಬಿಸಿ ಬಿಸಿ ಮೆಣಸಿನಕಾಯಿ. ಖರ್ಚೆಲ್ಲ ನನ್ನದು.

ಇನ್ನೊಂದು. ಆ ಗಿಡದ ದಂಟು ಒಣಗಿಸಿ ಬುಟ್ಟಿ ಹೆಣೆಯುತ್ತಾರಂತೆ. ನಿಮ್ಮ ಸಂಘ ಹೆಣೆದರೆ ಮದುವೆಗಳಲ್ಲಿ ತಾಂಬೂಲಕ್ಕೆ ನಾನೇ ಕೊಳ್ಳುತ್ತೇನೆ. ಲುಕ್ಸಾನನ್ನು ಲಾಭ ಮಾಡುವುದು ಹೇಗೆಂದು ನೋಡು.

ನಿನ್ನ ತಮ್ಮ
ಪಾಲಣ್ಣ

*

ಬನ್ನಿಹಟ್ಟಿ
27 ಫೆಬ್ರವರಿ 2025

ಪಾಲಣ್ಣನಿಗೆ,

ಬಾಣಲೆ ವಾಪಸ್ ಕಳಿಸಿದ್ದೇನೆ. ಕೆಂಚೇಶನನ್ನೂ. ಯಾಕೆಂದು ಕೇಳು.

ಮೊದಮೊದಲು ಜಾತ್ರೆಯೇ ಜಾತ್ರೆ. ಸೊಂಟದ ಮಟ್ಟ ನೀರಲ್ಲಿ ಊರೇ ನಿಂತಿತ್ತು. ನಿನ್ನ ಭಾವ ಕೂಡ ಮಂಡಿನೋವು ಮರೆತು ಇಳಿದರು. ಆಮೇಲೆ ಮೂಟೆಗಳು ಹೆಚ್ಚಿದವು, ಕೆರೆಯಲ್ಲಿ ಗಿಡ ಮಾತ್ರ ಅಷ್ಟೇ ಇತ್ತು. ಮೊನ್ನೆ ಜಗಳೂರಿನಿಂದ ಬರುವಾಗ ನಮ್ಮ ಬಸ್ಸಿನ ಮುಂದೆ ನಮ್ಮೂರ ಮೈಲಾರಿಯ ಲಗೇಜ್ ಆಟೋ ಹೋಗುತ್ತಿತ್ತು, ಹಿಂದಿನಿಂದ ನೀರು ಸೋರುತ್ತಿತ್ತು. ಊರ ಬಾಗಿಲಲ್ಲಿ ಹಿಡಿದೆ.

"ಏನಲೇ ಮೈಲಾರಿ ಅದು?"

"ಅಂತರಗಂಗೆ ಅಕ್ಕಾ. ರೋಡ್ ಪಕ್ಕದ ಗುಂಡ್ಯಾಗೆ ರಾಶಿ ಐತೆ. ಇಲ್ಲಿ ನೀರಿಗಿಳಿದು ಯಾರು ಒದ್ದಾಡ್ತಾರೆ?"

"ನಮ್ಮೂರಿನ ಕಳೆ ತೆಗಿ ಅಂದ್ರೆ ಹೊರಗಿಂದ ಹೊತ್ಕಂಡು ಬರ್ತೀಯಲ್ಲೋ!"

"ಕಳೆ ಅಂದ್ರೆ ಕಳೆ ಅಲ್ವೇನಕ್ಕ? ಮೆಣಸಿನಕಾಯಿ ಕೊಡೋದು ಮೂಟೆಗೆ."

ಕೆಂಚೇಶನನ್ನು ಕೇಳಿದರೆ ಅವನು ಜಾಲರಿ ಸೌಟು ಎತ್ತಿಕೊಂಡೇ ಹೇಳಿದ: "ನಮ್ಮಣ್ಣ ಮೂಟೆ ನೋಡಿ ಕೊಡು ಅಂದವ್ನೆ. ಮೂಟೆ ಯಾವೂರಿಂದು ಅಂತ ಕೇಳು ಅಂದಿಲ್ಲ." ಆ ಪುಣ್ಯಾತ್ಮ ಮೂಟೆಗಳನ್ನು ನೀರಿನ ಅಂಚಿಗೇ ಸುರಿಸುತ್ತಿದ್ದ. ಗಾಳಿ ಎದ್ದರೆ ಅಲೆ ಬಂದು ಅರ್ಧವನ್ನು ವಾಪಸ್ ಒಯ್ಯುತ್ತಿತ್ತು.

ತಪ್ಪು ಮೈಲಾರಿಯದಲ್ಲ. ನೀನು ಗಿಡಕ್ಕೆ ಬೆಲೆ ಕಟ್ಟಿದೆ, ಗಿಡ ಬಂತು. ಬುಟ್ಟಿ ವ್ಯಾಪಾರವೂ ಬೇಡ. ಲಾಭ ಬರುವ ಕಳೆಯನ್ನು ಯಾರು ಮುಗಿಸುತ್ತಾರೆ? ಒಂದು ಮೂಲೆಯಲ್ಲಿ ಬೀಜಕ್ಕೆಂದು ಉಳಿಸಿಕೊಳ್ಳುತ್ತಾರೆ.

ಇನ್ನು ನನ್ನ ಲೆಕ್ಕ ಕೇಳು. ಗಿಡ ತಂದವರಿಗೆ ಏನೂ ಇಲ್ಲ. ಗಿಡ ಸಿಗದ ದಿನಕ್ಕೆ ಊಟ. ಮಳೆಗಾಲ ಕಳೆದ ಮೇಲೆ ಒಂದು ದಿನ ಗೊತ್ತು ಮಾಡಿ ಊರವರೆಲ್ಲ ಕೆರೆ ಸುತ್ತುತ್ತೇವೆ. ಒಂದೇ ಒಂದು ಗಿಡ ಕಂಡರೂ ಒಲೆ ಹಚ್ಚುವಂತಿಲ್ಲ. ಒಂದೂ ಕಾಣದಿದ್ದರೆ ಇಡೀ ಊರಿಗೆ ಹೋಳಿಗೆ ಊಟ, ನಿನ್ನ ಖರ್ಚಿನಲ್ಲಿ. ಒಪ್ಪಿಗೆಯಿದ್ದರೆ ಕಾಗದದಲ್ಲಿ ಬರೆದು ಸಹಿ ಹಾಕು. ಫೋನಿನಲ್ಲಿ ಒಪ್ಪಬೇಡ, ಅದು ಒಪ್ಪಿದ ಹಾಗಲ್ಲ.

ದುರುಗಕ್ಕ

*

ಹೊನ್ನಾಳಿ
14 ಮಾರ್ಚ್ 2025

ಅಕ್ಕನಿಗೆ,

ಒಪ್ಪಿದ್ದೇನೆ. ಕೆಳಗೆ ಸಹಿ ಇದೆ. ನೀನು ನನ್ನ ಅಂಗಡಿಯಲ್ಲಿ ಕೂತಿದ್ದರೆ ನಾನು ಇವತ್ತು ದಾವಣಗೆರೆಯಲ್ಲಿ ಕಲ್ಯಾಣ ಮಂಟಪ ಕಟ್ಟಿಸಿರುತ್ತಿದ್ದೆ.

ನಿನ್ನ ಕಾಗದ ಓದಿದ ಮೇಲೆ ಇನ್ನೊಂದು ಯೋಚನೆ ಕಚ್ಚಿತು. ನಿಮ್ಮ ಕೆರೆಗೊಂದೇ ಅಲ್ಲ, ಮದುವೆ ಮದುವೆಗೂ ಈ ಗಿಡ ಹಂಚಿದ್ದೇನಲ್ಲ! ಚನ್ನಗಿರಿ, ತ್ಯಾವಣಿಗೆ, ನ್ಯಾಮತಿ, ಸಾಸ್ವೆಹಳ್ಳಿ ಎಂದು ಹಂಚಿದ ಕಡೆಗೆಲ್ಲ ವಸೂಲಿಗೆ ಹೊರಟೆ. ಬಾಕಿ ವಸೂಲಿ ನನಗೆ ಹೊಸದಲ್ಲ. ಕೊಟ್ಟದ್ದು ತಪ್ಪಾಯಿತು, ವಾಪಸ್ ಕೊಡಿ ಎಂದು ಕೇಳುವುದು ಹೊಸದು.

ಚನ್ನಗಿರಿಯಲ್ಲಿ ಉಷಾರಾಣಿ ಎಂಬುವರ ಮಗಳ ಮದುವೆ ಮಾಡಿಸಿದ್ದೆ. ಮನೆ ಮುಂದಿನ ಸಿಮೆಂಟ್ ತೊಟ್ಟಿ ತುಂಬ ನೇರಳೆ ಹೂವು.

"ಅಮ್ಮಾ, ಈ ಗಿಡ ವಾಪಸ್ ಬೇಕಿತ್ತು."

"ಯಾಕ್ರೀ, ಇದೂ ಬಾಡಿಗೆ ಸಾಮಾನಾ?"

"ಇಲ್ಲಮ್ಮ, ಇದು ಕೆಟ್ಟ ಗಿಡ."

"ಮದುವೆ ದಿನ 'ಲಕ್ಷ್ಮಿ ಕಣಮ್ಮ, ಮನೆ ಮುಂದೆ ಇಟ್ಕಳ್ರಿ' ಅಂದಿದ್ಯಾರು?"

ನನ್ನ ಮಾತೇ ನನಗೆ ಎದುರು ಸಾಕ್ಷಿ ಹೇಳಿತು ಅಕ್ಕ. ಮಳೆ ಬಂದು ತೊಟ್ಟಿ ತುಂಬಿ ಹರಿದರೆ ಗಿಡ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಊರ ಗದ್ದೆಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಆಕೆ ಬೈಯಲಿಲ್ಲ, "ಮಗಳ ಮದುವೆ ಗುರುತು ಕಣ್ರೀ, ತೊಟ್ಟಿ ಖಾಲಿ ನೋಡಾಕಾಗಲ್ಲ" ಎಂದರು. ಮಾರನೇ ದಿನ ನಮ್ಮ ಕಡೆಯದೇ ನೈದಿಲೆ ಗಡ್ಡೆ ತಂದು ನೆಟ್ಟುಕೊಟ್ಟೆ. ಆಗ ಟೀ ಸಿಕ್ಕಿತು.

ನ್ಯಾಮತಿಯಲ್ಲಿ ಬೀರಲಿಂಗಪ್ಪ ಎಂಬುವರು ಮದುವೆ ಮುಗಿದ ಮೇಲೆ ಗಿಡಗಳನ್ನು ಹೊಲದ ಕೃಷಿಹೊಂಡಕ್ಕೆ ಎಸೆದಿದ್ದರು. ಹೊಂಡ ಮುಕ್ಕಾಲು ಮುಚ್ಚಿತ್ತು. "ಆಳು ಕಳಿಸ್ತೀನಿ" ಎಂದೆ. "ಆಳು ತಂದು ಇಟ್ಟಿದ್ದಾ? ನೀನೇ ತಾನೆ? ಇಳಿ" ಎಂದರು. ಪಂಚೆ ಎತ್ತಿ ಕಟ್ಟಿ ಇಳಿದೆ. ಸಂಜೆ ಹೊತ್ತಿಗೆ ಅವರೂ ಇಳಿದಿದ್ದರು, ಅವರ ಬೀಗರೂ ಇಳಿದಿದ್ದರು. ಕಿತ್ತ ಗಿಡವನ್ನೆಲ್ಲ ಬಂಡೆ ಮೇಲೆ ಬೇರು ಮೇಲಾಗಿ ಹರಡಿ, ಸುಕ್ಕಾಗಿ ಒಣಗಿದ ಮೇಲೆ ಹೂಳಿಸಿದೆ. ಮೈಯೆಲ್ಲ ಕೆಸರು. ಮನೆಗೆ ಬಂದರೆ ಮಾಲಾ, "ಬಹಳ ವರ್ಷದ ಮೇಲೆ ಕೆಲಸ ಮಾಡಿದವರ ಹಂಗೆ ಕಾಣ್ತೀರಿ" ಎಂದಳು. ಸತ್ಯ ಹೇಳುತ್ತೇನೆ, ಅಷ್ಟು ಚೆನ್ನಾಗಿ ಹಸಿವಾಗಿ ಎಷ್ಟು ಕಾಲವಾಗಿತ್ತೋ.

ಮದುವೆ ಸ್ಟೇಜಿನ ಉರುಳಿಯಲ್ಲಿ ಈಗ ಚೆಂಡುಹೂವು.

ಸಹಿ
ಪಾಲಣ್ಣ

*

ಬನ್ನಿಹಟ್ಟಿ
8 ಜೂನ್ 2025

ತಮ್ಮನಿಗೆ,

ತಡವಾಯಿತು. ಕೈಗೆ ಪೆನ್ನು ಹಿಡಿಯುವಷ್ಟು ಬಿಡುವಿರಲಿಲ್ಲ.

ನಮ್ಮೂರಲ್ಲಿ ಕೆರೆದಂಡೆಯ ಒಗೆಯುವ ಕಲ್ಲುಗಳು ಮನೆ ಮನೆಗೆ ಒಂದೊಂದು, ಅತ್ತೆಯಿಂದ ಸೊಸೆಗೆ ಬಂದವು. ಕೆರೆ ಬತ್ತಿದ್ದಾಗಲೂ ಯಾವ ಕಲ್ಲು ಯಾರದ್ದೆಂದು ಯಾರೂ ಮರೆತಿರಲಿಲ್ಲ. ಅದನ್ನೇ ಹಿಡಿದೆವು. ಯಾರ ಕಲ್ಲೋ ಅದರ ಎದುರಿನ ನೀರು ಅವರದ್ದು. ಅಲ್ಲಿ ಗಿಡ ಕಂಡರೆ ಆ ಮನೆಯವರೇ ಇಳಿದು, ಮುರಿಯದ ಹಾಗೆ ಬೇರು ಸಮೇತ ಎತ್ತಿ, ಏರಿ ದಾಟಿಸಿ ಆಚೆಯ ಬಂಡೆ ಮೇಲೆ ಒಣಗಿಸಬೇಕು. ಕಲ್ಲಿಲ್ಲದ ದೂರದ ದಂಡೆ ಗಂಡಸರಿಗೆ. ಅವರಿಗೆ ಕಲ್ಲಿಲ್ಲ ಎಂಬ ಅವಮಾನವೇ ಸಾಕಾಯಿತು, ನಮಗಿಂತ ಚೊಕ್ಕ ಇಟ್ಟಿದ್ದಾರೆ.

ಬೇಸಗೆಯಲ್ಲಿ ನೀರು ತಗ್ಗಿತು, ನಮಗೆ ಅದೇ ಅನುಕೂಲವಾಯಿತು. ಒಂದು ದಿನ ದೊಡ್ಡಕ್ಕನ ಕಲ್ಲಿನ ಸಂದಿಯಲ್ಲೇ ಗಿಡ ಸಿಕ್ಕಿತು. "ಇದು ಯಾರ ತವರಿಂದ ಬಂತು ದೊಡ್ಡಕ್ಕ?" ಎಂದೆ. "ಸುಮ್ನಿರೇ, ಹೋಳಿಗೆ ತಪ್ಪಿದ್ರೆ ನನ್ನ ಮೊಮ್ಮಕ್ಕಳು ನನ್ನ ಸೇರಿಸಲ್ಲ" ಎಂದು ಸೀರೆ ಎತ್ತಿ ಕಟ್ಟಿ ಇಳಿದಳು. ನಾನೂ ಇಳಿದೆ. ಮೇಡಂ ಎದುರು ಅವಳು ನನ್ನ ತವರಿನ ಹೆಸರೆತ್ತಿದಾಗಿನಿಂದ ಮಾತು ಬಿಟ್ಟಿದ್ದೆವು, ಈಗ ಮಾತಾಡುತ್ತಿದ್ದೇವೆ.

ಮೈಲಾರಿಯನ್ನು ಊರ ಬಾಗಿಲಿಗೆ ಕಾವಲು ಹಾಕಿದೆವು. ಕಳೆ ಹೇಗೆ ಒಳಗೆ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊರಗಿನ ಬಲೆ, ತೆಪ್ಪ ಯಾವುದೇ ಬರಲಿ, ತೊಳೆದು ಬಿಸಿಲಿಗೆ ಒಣಗಿಸದೆ ಒಳಗೆ ಬಿಡುವುದಿಲ್ಲ. ನಿನ್ನ ಭಾವ ಎಲ್ಲಿಂದಲೋ ಎರವಲು ಬಲೆ ತಂದರೆ ಅದನ್ನು ಬೇಲಿ ಮೇಲೆ ಹರವಿಸಿ, "ಒಣಗೋವರೆಗೂ ಇಲ್ಲೇ ಕುಂತ್ಕ ಮಾವ" ಎಂದನಂತೆ. ಇಬ್ಬರೂ ಮಧ್ಯಾಹ್ನದವರೆಗೆ ಬಲೆ ಕಾಯುತ್ತ ಕೂತಿದ್ದರು.

ಕೊನೆಯ ಗಿಡ ಕಿತ್ತು ವಾರಗಳಾದವು. ಮೀನು ನನ್ನ ಅಂಗೈ ಮೀರಿ ಬೆಳೆದಿವೆ. ಮಳೆ ಬಂದ ಮೇಲೆ ಏನೆಂದು ನೋಡಬೇಕು.

ದುರುಗಕ್ಕ

*

ಹೊನ್ನಾಳಿ
4 ನವೆಂಬರ್ 2025

ಅಕ್ಕನಿಗೆ,

ಮಳೆಗಾಲ ಕಳೆಯಿತು, ಕೆರೆ ಚೊಕ್ಕ ಇದೆ, ನವೆಂಬರ್ ಮೂವತ್ತರ ಭಾನುವಾರ ಕೆರೆ ಸುತ್ತುವ ದಿನ ಎಂದು ನಿನ್ನ ಕಾರ್ಡು ಬಂತು. ಓದಿ ಅಂಗಡಿಯಲ್ಲಿ ಎಲ್ಲರಿಗೂ ಪೇಡ ಹಂಚಿದೆ.

ಆದರೆ ಅದೇ ಭಾನುವಾರ ಹೊನ್ನಾಳಿಯಲ್ಲಿ ಈ ಸೀಸನ್ನಿನ ದೊಡ್ಡ ಮದುವೆ ನನ್ನ ಕೈಯಲ್ಲಿದೆ. ಮುಂಗಡ ಹಿಡಿದಾಗಿದೆ. ಕೆಂಚೇಶ ಪಾತ್ರೆ, ಬೇಳೆ, ಬೆಲ್ಲ ಎಲ್ಲ ತರುತ್ತಾನೆ. ಒಂದು ಚೂರೂ ಕಡಿಮೆಯಾಗದು. ನಾನು ಆಮೇಲೆ ಬಿಡುವು ಮಾಡಿಕೊಂಡು ಬರ್ತೀನಿ.

ನಿನ್ನ ತಮ್ಮ
ಪಾಲಣ್ಣ

*

ಬನ್ನಿಹಟ್ಟಿ
11 ನವೆಂಬರ್ 2025

ಪಾಲಣ್ಣನಿಗೆ,

ಆಗಲಿ. ಕೆಂಚೇಶ ಬಂದರೆ ಅಡುಗೆ ಬಂದಂತೆ.

ಅವತ್ತು ಬೆಳಗ್ಗೆ ಹೆಂಗಸರೆಲ್ಲ ಮತ್ತೆ ಬಾಗಿನ ಬಿಡುತ್ತೇವೆ. ತವರಿನ ಬಾಗಿನ ಯಾರು ತಂದರು ಎಂದು ದೊಡ್ಡಕ್ಕ ಕೇಳೇ ಕೇಳುತ್ತಾಳೆ. ಏನು ಹೇಳಲಿ ಎಂದು ಬರೆದು ಕಳಿಸು.

ದುರುಗಕ್ಕ

*

ಹೊನ್ನಾಳಿ
3 ಡಿಸೆಂಬರ್ 2025

ಅಕ್ಕನಿಗೆ,

ಮೊನ್ನೆ ತಾನೇ ನಿನ್ನ ಎದುರೇ ಇದ್ದೆ. ಮತ್ತೆ ಕಾಗದ ಯಾಕೆ ಎನ್ನುತ್ತೀಯ. ಅವತ್ತು ಆ ಗದ್ದಲದಲ್ಲಿ ನನಗೆ ಮಾತಾಡಲು ನೀನು ಬಿಡಲಿಲ್ಲ. ಈಗ ನಾನು ಹೇಳುತ್ತೇನೆ, ನೀನು ಬಾಯಿ ಹಾಕಬೇಡ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತೆ, ಬರೆಯಲಾಗಲಿಲ್ಲ. ಮಾಲಾ ಓದಿ, "ಮದುವೆಗೆ ಕೆಂಚೇಶ ಸಾಲದಾ? ನಿಮ್ಮ ಕೈ ಸೌಟು ಮರೆತೈತಾ?" ಎಂದಳು. ಅಷ್ಟೇ. ಕೆಂಚೇಶ ಮದುವೆಗೆ ಹೋದ, ನಾವಿಬ್ಬರೂ ಲಾರಿ ಹತ್ತಿದೆವು.

ನಿಮ್ಮೂರ ಬಾಗಿಲಲ್ಲಿ ಮೈಲಾರಿ ಲಾರಿ ನಿಲ್ಲಿಸಿದ. "ದುರುಗಕ್ಕನ ಸ್ವಂತ ತಮ್ಮ ಕಣಪ್ಪ ನಾನು" ಎಂದೆ. "ಗೊತ್ತೈತೆ. ಅದಕ್ಕೇ ಎರಡು ಸಲ ನೋಡು ಅಂದವ್ಳೆ" ಎಂದ! ನನ್ನ ಕೊಪ್ಪರಿಗೆ, ಕೊಳಗ, ಬಕೆಟ್ ಎಲ್ಲ ಬೋರಲು ಹಾಕಿಸಿ, ಒಳಗೆ ಕೈಯಾಡಿಸಿ ನೋಡಿದ. ಬಾಗಿನದ ಮೊರವನ್ನೂ ಬಿಡಲಿಲ್ಲ. ಚೆಂಡುಹೂವು ಮೂಸಿ ನೋಡಿ, "ಇದು ಪಾಸ್" ಎಂದ.

ಒಲೆ ಹೂಡಿದ್ದೆ, ಬೇಳೆ ನೆನೆದಿತ್ತು, ಬೆಂಕಿ ಮಾತ್ರ ಹಚ್ಚಿರಲಿಲ್ಲ. ಊರಿಗೆ ಊರೇ ಕೆರೆ ಸುತ್ತುತ್ತಿತ್ತು. ಹೆಂಗಸರು ತಮ್ಮ ತಮ್ಮ ಕಲ್ಲಿನ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಿದ್ದರು. ಲೆಕ್ಕದ ಮನುಷ್ಯ ನಾನು, ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಒಂದು ಗಿಡ ಸಿಕ್ಕಿದ್ದರೆ ನನ್ನ ಖರ್ಚು ಉಳಿಯುತ್ತಿತ್ತು. ಆದರೆ ಒಂದೂ ಸಿಗದಿರಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ದೂರದ ದಂಡೆಯಿಂದ ಭಾವ "ಇಲ್ಲೊಂದು ಐತೆ!" ಎಂದು ಕೂಗಿದರಲ್ಲ, ಆಗ ನನ್ನ ಕೈಯಲ್ಲಿದ್ದ ಬೆಂಕಿಪೊಟ್ಟಣ ಕೆಳಗೆ ಬಿತ್ತು. ನಿನ್ನ ಮುಖ ನೋಡಿದೆ. ನೋಡಬಾರದಿತ್ತು ಎನಿಸಿತು.

ವಾಣಿಶ್ರೀ ಮೇಡಂ ನೀರಿಗಿಳಿದು ಹೋಗಿ, ಎಲೆ ಹಿಡಿದು ನೋಡಿ, ನಗಲು ಶುರು ಮಾಡಿದರು. "ರೀ, ಇದು ನೈದಿಲೆ! ನಿಮ್ಮ ಕೆರೆಯದ್ದೇ. ಮಣ್ಣಲ್ಲಿ ಮಲಗಿದ್ದ ಗಡ್ಡೆ ಈಗ ಎದ್ದಿದೆ. ಆ ಕಳೆ ಮುಚ್ಚಿಕೊಂಡಿದ್ದರೆ ಇದು ಏಳ್ತಾನೇ ಇರಲಿಲ್ಲ." ಆಮೇಲೆ ಎದ್ದ ಕೂಗು ಜಗಳೂರಿಗೂ ಕೇಳಿರಬೇಕು. ದೊಡ್ಡಕ್ಕ ನನ್ನ ಹತ್ತಿರ ಓಡಿ ಬಂದು "ಹಚ್ಚಲೇ ಒಲೆ, ಯಾಕೆ ನಿಂತೀ!" ಎಂದಳು. ನಾನು ಅಳುತ್ತಿದ್ದೆನೆಂದು ನೀನು ಎಲ್ಲರಿಗೂ ಹೇಳಿದೆಯಂತೆ. ಅದು ಹೊಗೆ. ಒಲೆ ಆಗಿನ್ನೂ ಹಚ್ಚಿರಲಿಲ್ಲ ಎಂಬುದು ಬೇರೆ ಮಾತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಊಟದ ಪಂಕ್ತಿ ನಡೆದಾಗ "ನಾಲ್ಕು ಮಾತಾಡು ಪಾಲಣ್ಣ" ಎಂದು ಮೈಕ್ ಕೈಗಿಟ್ಟವಳು ನೀನು. ಮೈಕ್ ನನ್ನದೇ, ಕಂಡರೆ ಬಿಡುವವನಲ್ಲ. "ಈ ಕೆರೆಯಲ್ಲಿ ಆ ಗಿಡ ಮತ್ತೆ ಹುಟ್ಟೋ ಭಯ ಇರೋವರೆಗೂ ಪ್ರತಿ ವರ್ಷ ಗಿಡ ಸಿಗದ ದಿನದ ಊಟ ನನ್ನದು, ನಾನೇ ಬಂದು ಬಡಿಸ್ತೀನಿ" ಎಂದುಬಿಟ್ಟೆ. ಊರೆಲ್ಲ ಚಪ್ಪಾಳೆ. ಆಮೇಲೆ ವಾಣಿಶ್ರೀ ಮೇಡಂ ಎಲೆಗೆ ತುಪ್ಪ ಬಡಿಸಿಕೊಳ್ಳುತ್ತ, "ದೊಡ್ಡ ಮನಸ್ಸು ಸರ್ ನಿಮ್ಮದು. ಆ ಗಿಡದ ಬೀಜ ಕೆಸರಲ್ಲಿ ಇಪ್ಪತ್ತು ವರ್ಷದವರೆಗೂ ಜೀವ ಹಿಡಿದಿರ್ತದೆ" ಎಂದರು.

ನಿನ್ನ ಕಡೆ ತಿರುಗಿದೆ. ನೀನು ತಲೆ ಬಗ್ಗಿಸಿ ಹೋಳಿಗೆ ಮುರಿಯುತ್ತಿದ್ದೆ, ಹೆಗಲು ಮಾತ್ರ ಅಲುಗುತ್ತಿತ್ತು.

ಜೀವನದಲ್ಲಿ ಎಷ್ಟೋ ಜನರ ಜೊತೆ ವ್ಯವಹಾರ ಮಾಡಿದ್ದೇನೆ ಅಕ್ಕ. ಷರತ್ತು ಓದದೆ ಸಹಿ ಹಾಕಿದ್ದು ಇದೊಂದಕ್ಕೇ. ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡು: ಆ ಇಪ್ಪತ್ತು ವರ್ಷದ ಮಾತು ನಿನಗೆ ಮೊದಲೇ ಗೊತ್ತಿತ್ತಾ?

ನಿನ್ನ ತಮ್ಮ
ಪಾಲಣ್ಣ

*

ಬನ್ನಿಹಟ್ಟಿ
12 ಡಿಸೆಂಬರ್ 2025

ತಮ್ಮ ಪಾಲಣ್ಣನಿಗೆ,

ಮೇಡಂ ಮೊದಲ ಸಲ ನೀರಿಗಿಳಿದ ದಿನವೇ ಹೇಳಿದ್ದರು. ನಿನಗೆ ಬರೆಯಲು ಮರೆತೆ.

ಅವತ್ತು ಪಂಕ್ತಿಯಲ್ಲಿ ನೀನು ಬಕೆಟ್ ಹಿಡಿದು ಬಗ್ಗಿ "ಇನ್ನೊಂದು ಹಾಕ್ಲಾ?" ಎಂದೆಯಲ್ಲ, ಹಿಂದಿನಿಂದ ಥೇಟ್ ಅಪ್ಪನ ಹಾಗೆ ಕಂಡೆ. ನಿನ್ನ ಭಾವನೂ ಅದನ್ನೇ ಹೇಳಿದರು.

ನೀನು ತಂದ ಬಾಗಿನ ನೋಡಿ ದೊಡ್ಡಕ್ಕ ಏನೂ ಕೇಳಲಿಲ್ಲ. ನೈದಿಲೆ ಈಗ ಮೂರು ಕಡೆ ಎದ್ದಿದೆ.

ಮುಂದಿನ ಸಲ ಹೂರಣಕ್ಕೆ ಬೆಲ್ಲ ಸ್ವಲ್ಪ ತಡೆದು ಹಾಕು. ಅವ್ವ ಅಷ್ಟು ಹಾಕುತ್ತಿರಲಿಲ್ಲ. ಇಪ್ಪತ್ತು ವರ್ಷ ಇದೆ, ನಿಧಾನಕ್ಕೆ ಕಲಿ.

ಅಕ್ಕ
ದುರುಗಕ್ಕ